ಗಾಲಿಗಳ ಮೇಲೆ ಏಳು ಬೇಸಗೆ
ರೋಲರ್ ಹಾಕಿಯನ್ನು ಜನರ ಆಟವಾಗಿಸಲು ಹೊರಟವರ ಕಥೆ

1993ನೆಯ ಇಸವಿಯ ಜುಲೈ ತಿಂಗಳು. ನಮ್ಮಲ್ಲಿ ಮಳೆಗಾಲ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನಡುಬೇಸಗೆ. ಲಾಸ್ ಏಂಜಲೀಸ್ ನಗರಕ್ಕೆ ಸಮೀಪದ ಅನಹೈಮ್ ಎಂಬ ಊರಿನಲ್ಲಿ ಭವ್ಯವಾದ ಒಳಾಂಗಣ ಕ್ರೀಡಾಭವನವೊಂದು ಆಗ ತಾನೇ ಬಾಗಿಲು ತೆರೆದಿತ್ತು. ಡಿಸ್ನಿ ಕಂಪನಿಯವರ ಹೊಸ ಐಸ್ ಹಾಕಿ ತಂಡ ಅಲ್ಲಿ ನೆಲೆಗೊಳ್ಳುವುದಿತ್ತು. ಅದರ ಮೊದಲ ಪಂದ್ಯಕ್ಕೆ ಅಕ್ಟೋಬರಿನವರೆಗೆ ಕಾಯಬೇಕಾಗಿತ್ತು. ಆದರೆ ಅಷ್ಟರೊಳಗಾಗಿಯೇ ಆ ಭವನದಲ್ಲಿ ಹಾಕಿಯ ಗದ್ದಲ ಕೇಳಿಬಂದಿತು. ಆಟಗಾರರ ಕೈಯಲ್ಲಿ ಐಸ್ ಹಾಕಿಯ ಕೋಲು, ತಲೆಗೆ ಅದೇ ಶಿರಸ್ತ್ರಾಣ, ಮೈತುಂಬ ಅದೇ ರಕ್ಷಾಕವಚ. ನೆಲದ ಮೇಲೆ ಮಾತ್ರ ಮಂಜುಗಡ್ಡೆ ಇರಲಿಲ್ಲ. ಒಂದಕ್ಕೊಂದು ಜೋಡಿಸಿದ ಪ್ಲಾಸ್ಟಿಕ್ ಬಿಲ್ಲೆಗಳ ಹಾಸು ಇತ್ತು. ಪಾದರಕ್ಷೆಯ ಅಡಿಯಲ್ಲಿ ಉಕ್ಕಿನ ಅಲಗಿಗೆ ಬದಲಾಗಿ ಒಂದರ ಹಿಂದೊಂದು ಸಾಲಾಗಿ ನಿಂತ ಪುಟ್ಟ ಗಾಲಿಗಳಿದ್ದವು.

ಆ ತಂಡದ ಹೆಸರು ಅನಹೈಮ್ ಬುಲ್‌ಫ್ರಾಗ್ಸ್, ಎಂದರೆ ದಪ್ಪಕಪ್ಪೆಗಳು. ಆ ವರ್ಷ ಮೊದಲ ಬಾರಿಗೆ ನಡೆದ ‘ರೋಲರ್ ಹಾಕಿ ಇಂಟರ್‌ನ್ಯಾಷನಲ್’ ಎಂಬ ವೃತ್ತಿಪರ ಲೀಗಿನ ಹನ್ನೆರಡು ತಂಡಗಳಲ್ಲಿ ಅದೂ ಒಂದು. ಓಕ್ಲೆಂಡ್ ತಂಡವನ್ನು ಸೋಲಿಸಿ ಕಪ್ಪೆಗಳೇ ಆ ವರ್ಷದ ಕಿರೀಟ ಧರಿಸಿದವು. ಭವನದ ಮೆಟ್ಟಿಲುಸಾಲುಗಳಲ್ಲಿ ಸಹಸ್ರ ಸಹಸ್ರ ಸಂಖ್ಯೆಯಲ್ಲಿ ಜನ ಕುಳಿತಿದ್ದರು. ಹೊಸ ಶತಮಾನದ ಆಟ ಇದೇ ಎಂದು ಅಂದು ಅನೇಕರು ಬಗೆದಿದ್ದರೆ ಅದರಲ್ಲಿ ಆಶ್ಚರ್ಯವೇನೂ ಇರಲಿಲ್ಲ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸುವುದು ಒಳ್ಳೆಯದು. ಹಾಕಿ ಎಂದೊಡನೆ ನಮ್ಮ ಓದುಗರ ಕಣ್ಣಿಗೆ ಕಟ್ಟುವುದು ಧ್ಯಾನಚಂದರ ಕೋಲಿನ ಚಳಕ, ಕೊಡಗಿನ ಬಯಲುಗಳು, ಹುಲ್ಲಿನ ಮೇಲೆ ಉರುಳುವ ಬಿಳಿಯ ಚೆಂಡು. ಅಮೆರಿಕ ಮತ್ತು ಕೆನಡಾ ದೇಶದವರಿಗಾದರೋ ಹಾಕಿ ಎಂದರೆ ಮಂಜುಗಡ್ಡೆಯ ಮೇಲಿನ ಆಟವೇ. ಅಲ್ಲಿ ಚೆಂಡಿನ ಸ್ಥಾನದಲ್ಲಿರುವುದು ‘ಪಕ್’ ಎಂಬ ರಬ್ಬರಿನ ಗಟ್ಟಿ ಬಿಲ್ಲೆ. ಆ ಆಟವನ್ನು ಬೇಸಗೆಗೂ, ಮಂಜುಗಡ್ಡೆಯನ್ನೇ ಕಾಣದ ಬಿಸಿಲ ನಾಡಿಗೂ ಒಯ್ಯುವ ಹವಣಿಕೆಯಿಂದ ಹುಟ್ಟಿದ್ದು ಗಾಲಿಯ ಹಾಕಿ.

ಹಳೆಯ ಹುಚ್ಚು, ಹೊಸ ಗಾಲಿ

ಗಾಲಿ ಕಟ್ಟಿಕೊಂಡು ಜಾರುವ ಹುಚ್ಚು ಮನುಷ್ಯನಿಗೆ ಹೊಸತಲ್ಲ. 1760ರ ಸುಮಾರಿನಲ್ಲಿ ಲಂಡನ್ ನಗರದ ಒಂದು ಔತಣಕೂಟಕ್ಕೆ ಜೋಸೆಫ್ ಮರ್ಲಿನ್ ಎಂಬ ಯಂತ್ರನಿಪುಣನು ತಾನೇ ಮಾಡಿಕೊಂಡ ಗಾಲಿಯ ಪಾದರಕ್ಷೆ ತೊಟ್ಟು, ಪಿಟೀಲು ನುಡಿಸುತ್ತ ಪ್ರವೇಶಿಸಿದನೆಂದೂ, ನಿಲ್ಲುವ ಬಗೆ ತಿಳಿಯದೆ ಬೆಲೆಬಾಳುವ ದೊಡ್ಡ ಕನ್ನಡಿಗೆ ಢಿಕ್ಕಿ ಹೊಡೆದು ಕನ್ನಡಿ, ಪಿಟೀಲು, ತನ್ನ ಮೈ ಮೂರನ್ನೂ ಘಾಸಿಗೊಳಿಸಿದನೆಂದೂ ಪ್ರಸಿದ್ಧವಾದ ಕಥೆಯಿದೆ. ಗಾಲಿಯ ಮೇಲೆ ಹೊರಡುವುದು ಸುಲಭ, ನಿಲ್ಲುವುದು ಕಷ್ಟ ಎಂಬುದು ಅಂದೇ ತಿಳಿದುಬಂದಿತೆನ್ನಬೇಕು. 1863ರಲ್ಲಿ ನ್ಯೂಯಾರ್ಕಿನ ಜೇಮ್ಸ್ ಪ್ಲಿಂಪ್ಟನ್ ಎಂಬಾತನು ಮುಂದೆರಡು ಹಿಂದೆರಡು ಗಾಲಿಗಳುಳ್ಳ, ಮೈ ವಾಲಿದತ್ತ ತಿರುಗುವ ಸ್ಕೇಟನ್ನು ರಚಿಸಿ ಹಕ್ಕುಪತ್ರ ಪಡೆದ ಮೇಲೆ ಸಾಮಾನ್ಯರಿಗೂ ಈ ವಿನೋದ ಕೈಗೆಟುಕಿತು. ಊರೂರಿಗೂ ಮರದ ನೆಲದ ಜಾರುಮಂದಿರಗಳೆದ್ದವು. 1880ರ ದಶಕದಲ್ಲಿ ಅಲ್ಲಿಯೇ ‘ರೋಲರ್ ಪೋಲೊ’ ಎಂಬ ಆಟ ಹುಟ್ಟಿತು. ಕೋಲು, ಚೆಂಡು, ಗೋಲು, ಸಂಬಳದ ಆಟಗಾರರು ಎಲ್ಲವೂ ಇದ್ದವು. ಅಮೆರಿಕದ ಈಶಾನ್ಯ ಪ್ರಾಂತದ ಊರುಗಳಲ್ಲಿ ಕೆಲಕಾಲ ಅದರ ಭರಾಟೆ ಜೋರಾಗಿಯೇ ನಡೆಯಿತು. ಅನಂತರ ಜಾರುವ ಹುಚ್ಚು ಇಳಿಯಿತು, 1891ರಲ್ಲಿ ಹುಟ್ಟಿದ ಬಾಸ್ಕೆಟ್‌ಬಾಲ್ ಆಟವು ಒಳಾಂಗಣಗಳನ್ನು ಆಕ್ರಮಿಸಿಕೊಂಡಿತು, ಪೋಲೊ ಮರೆತುಹೋಯಿತು.

ಎರಡನೆಯ ಹುಚ್ಚಿನ ಮೂಲ ಇನ್ನೂ ಸ್ವಾರಸ್ಯವಾದುದು. ರಾಲ್ಫ್ ಬ್ಯಾಕ್‌ಸ್ಟ್ರಾಮ್ ಎಂಬುವರು ಮಾಂಟ್ರಿಯಲ್ ತಂಡದ ಹೆಸರಾಂತ ಐಸ್ ಹಾಕಿ ಆಟಗಾರರು. ಆ ಆಟದ ಅತ್ಯುನ್ನತ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ ಗೆದ್ದ ತಂಡದಲ್ಲಿ ಆರು ಬಾರಿ ಇದ್ದವರು. ಮುಂದೆ ಲಾಸ್ ಏಂಜಲೀಸ್ ತಂಡಕ್ಕೆ ಬಂದಾಗ, ಬೇಸಗೆಯಲ್ಲಿಯೂ ಕಾಲಿನ ಅಭ್ಯಾಸ ತಪ್ಪದಿರಲೆಂದು ಮಾರಿ ಸಿಲ್ವರ್ ಎಂಬ ಸ್ನೇಹಿತರೊಡನೆ ಕೂಡಿ, ಗಾಲಿಗಳನ್ನು ಒಂದೇ ಸಾಲಿನಲ್ಲಿ ಜೋಡಿಸಿದ ಸ್ಕೇಟನ್ನು ರೂಪಿಸುವ ಪ್ರಯತ್ನಕ್ಕೆ ಕೈಹಾಕಿದರು. ಅವರಿಗೆ ಅದರಿಂದ ಸಿರಿ ಬರಲಿಲ್ಲ. 1979ರ ಸುಮಾರಿಗೆ ಮಿನಿಯಾಪೊಲಿಸ್ ನಗರದ ಸ್ಕಾಟ್ ಓಲ್ಸನ್ ಮತ್ತು ಬ್ರೆನನ್ ಓಲ್ಸನ್ ಎಂಬ ಹಾಕಿ ಆಡುವ ಸೋದರರ ಕೈಗೆ ಸಾಲುಗಾಲಿಯ ಇಂತಹ ಒಂದು ಹಳೆಯ ಸ್ಕೇಟು ಸಿಕ್ಕಿತು. ಅವರು ಅದನ್ನು ತಿದ್ದಿ ತೀಡಿ ‘ರೋಲರ್‌ಬ್ಲೇಡ್’ ಎಂಬ ಹೆಸರಿನಲ್ಲಿ ಮಾರಾಟಕ್ಕೆ ತಂದರು. ಕಂಪನಿ ಬೇರೆಯವರ ಕೈ ಸೇರಿದ ಮೇಲೆ ಅದರ ವ್ಯಾಪಾರ ಕಾಳ್ಗಿಚ್ಚಿನಂತೆ ಹಬ್ಬಿತು. 1990ರ ದಶಕದ ನಡುಭಾಗಕ್ಕೆ ಅಮೆರಿಕದಲ್ಲಿ ಸಾಲುಗಾಲಿ ಕಟ್ಟಿ ಜಾರುವವರ ಸಂಖ್ಯೆ ಎರಡು ಕೋಟಿಯನ್ನು ಮೀರಿತ್ತು.

ಎರಡು ಕೋಟಿ ಜನರ ಕಾಲಿನಲ್ಲಿ ಗಾಲಿಯಿದೆ. ಊರಿಗೆ ಬಂದವಳು ನೀರಿಗೆ ಬಾರದಿರುವಳೇ? ಗಾಲಿ ಕೊಂಡವರು ಗಾಲಿಯ ಆಟ ನೋಡಲು ಟಿಕೆಟ್ಟು ಕೊಳ್ಳದಿರುವರೇ? ವೃತ್ತಿಪರ ರೋಲರ್ ಹಾಕಿಯ ಇಡೀ ಕಟ್ಟಡ ನಿಂತಿದ್ದುದು ಈ ಒಂದು ಲೆಕ್ಕಾಚಾರದ ಮೇಲೆ.

ಲೀಗುಗಳನ್ನು ಹುಟ್ಟಿಸುವ ಮನುಷ್ಯ

ಈ ಲೆಕ್ಕವನ್ನು ಹಾಕಿದವರಲ್ಲಿ ಮುಖ್ಯರು ಡೆನಿಸ್ ಮರ್ಫಿ. 1926ರಲ್ಲಿ ಚೀನಾದ ಷಾಂಘೈ ನಗರದಲ್ಲಿ ಹುಟ್ಟಿದ ಅಮೆರಿಕನ್. ಕ್ಯಾಲಿಫೋರ್ನಿಯಾದ ಬ್ಯೂನಾ ಪಾರ್ಕ್ ಎಂಬ ಊರಿನ ಮೇಯರ್ ಆಗಿದ್ದವರು. ಕೆಲವರು ಮನೆ ಕಟ್ಟಿಸುತ್ತಾರೆ, ಕೆಲವರು ಗುಡಿ ಕಟ್ಟಿಸುತ್ತಾರೆ; ಮರ್ಫಿಯವರು ಕ್ರೀಡಾಲೀಗುಗಳನ್ನು ಕಟ್ಟುತ್ತಿದ್ದರು. 1967ರಲ್ಲಿ ಅಮೆರಿಕನ್ ಬಾಸ್ಕೆಟ್‌ಬಾಲ್ ಅಸೋಸಿಯೇಷನ್, 1972ರಲ್ಲಿ ಆಟ ಆರಂಭಿಸಿದ ವರ್ಲ್ಡ್ ಹಾಕಿ ಅಸೋಸಿಯೇಷನ್, 1974ರಲ್ಲಿ ಅಂಕಣಕ್ಕಿಳಿದ ವರ್ಲ್ಡ್ ಟೀಮ್ ಟೆನಿಸ್, ಈ ಮೂರರ ಸ್ಥಾಪಕರಲ್ಲಿಯೂ ಅವರ ಹೆಸರಿದೆ. ಕೆಂಪು, ಬಿಳಿ, ನೀಲಿ ಬಣ್ಣದ ಚೆಂಡನ್ನು ಬಾಸ್ಕೆಟ್‌ಬಾಲಿಗೆ ತಂದದ್ದು ಅವುಗಳಲ್ಲಿ ಮೊದಲನೆಯ ಲೀಗು. ಐಸ್ ಹಾಕಿಯ ದೊರೆ ಎನಿಸಿದ್ದ ಬಾಬಿ ಹಲ್‌ರನ್ನು ಭಾರಿ ಮೊತ್ತ ಕೊಟ್ಟು ಹಳೆಯ ಲೀಗಿನಿಂದ ಸೆಳೆದು ಆ ಆಟದ ಸಂಬಳಗಳನ್ನೇ ಏರಿಸಿಬಿಟ್ಟದ್ದು ಎರಡನೆಯದು.

ಗಾಲಿಯ ಹಾಕಿಗೆ ಮರ್ಫಿಯವರೊಡನೆ ಕೈಗೂಡಿಸಿದವರಲ್ಲಿ ಲ್ಯಾರಿ ಕಿಂಗ್ ಒಬ್ಬರು. ಟೆಲಿವಿಷನ್ ಸಂದರ್ಶನಗಳಿಂದ ಪ್ರಸಿದ್ಧರಾದ ಲ್ಯಾರಿ ಕಿಂಗ್ ಅಲ್ಲ. ಟೆನಿಸ್ ಆಟಗಾರ್ತಿ ಬಿಲ್ಲಿ ಜೀನ್ ಕಿಂಗ್ ಅವರ ಮಾಜಿ ಪತಿ, ವಕೀಲರು, ಕ್ರೀಡೋದ್ಯಮಿ. ಇನ್ನೊಬ್ಬರು ಅದೇ ರಾಲ್ಫ್ ಬ್ಯಾಕ್‌ಸ್ಟ್ರಾಮ್. ಅವರು ಲೀಗಿನ ಕಮಿಷನರ್ ಆದರು. ಮಾರಿ ಸಿಲ್ವರ್ ಅನಹೈಮ್ ತಂಡದ ಒಡೆತನದಲ್ಲಿ ಪಾಲುಗೊಂಡರು. ಗಾಲಿಯ ವ್ಯಾಪಾರದ ಲಾಭವನ್ನು ಅನ್ಯರಿಗೆ ಬಿಟ್ಟುಕೊಟ್ಟಿದ್ದ ಸ್ನೇಹಿತರಿಬ್ಬರೂ ಹೀಗೆ ಮತ್ತೊಮ್ಮೆ ಗಾಲಿಯ ಮೇಲೆಯೇ ಪಣವೊಡ್ಡಿದರು.

ಆಟವನ್ನು ಅವರು ಬುದ್ಧಿವಂತಿಕೆಯಿಂದಲೇ ರೂಪಿಸಿದರೆಂದು ಒಪ್ಪಬೇಕು. ಐಸ್ ಹಾಕಿಯಲ್ಲಿ ಗೋಲಿಯೂ ಸೇರಿ ಪಕ್ಷಕ್ಕೆ ಆರು ಮಂದಿ. ಇಲ್ಲಿ ಐದೇ ಮಂದಿ. ಒಬ್ಬರು ಕಡಿಮೆಯಾದರೆ ಅಷ್ಟು ಬಯಲು ತೆರೆಯಿತು, ಗೋಲುಗಳು ಹೆಚ್ಚಿದವು. ಹೊಸ ಪ್ರೇಕ್ಷಕನನ್ನು ಗೊಂದಲಗೊಳಿಸುವ ಎರಡು ನೀಲಿ ಗೆರೆಗಳನ್ನು ಅಳಿಸಿ ನಡುಗೆರೆಯೊಂದನ್ನು ಮಾತ್ರ ಉಳಿಸಿದರು. ಇಪ್ಪತ್ತು ನಿಮಿಷಗಳ ಮೂರು ಭಾಗಗಳಿಗೆ ಬದಲಾಗಿ ಹನ್ನೆರಡು ನಿಮಿಷಗಳ ನಾಲ್ಕು ಭಾಗಗಳಾದವು. ಪಂದ್ಯ ಸಮವಾದರೆ ಗೋಲಿಯೊಬ್ಬನೆದುರು ಆಟಗಾರನೊಬ್ಬನನ್ನು ಬಿಟ್ಟು ನಿರ್ಣಯ. ರಬ್ಬರಿನ ಪಕ್ಕು ಪ್ಲಾಸ್ಟಿಕ್ ನೆಲದ ಮೇಲೆ ಕಚ್ಚಿಕೊಳ್ಳುವುದರಿಂದ ಹಗುರವಾದ ಕೆಂಪು ಪ್ಲಾಸ್ಟಿಕ್ ಪಕ್ಕನ್ನು ತಂದರು. ಟಿಕೆಟ್ಟಿನ ದರವನ್ನು ಸಂಸಾರಸಮೇತ ಬರುವವರಿಗೆ ಭಾರವಾಗದಂತೆ ಇಟ್ಟರು. ಸಂಗೀತ, ಬಣ್ಣದ ದೀಪ, ವೇಷ ತೊಟ್ಟ ಪ್ರಾಣಿಗಳ ಕುಣಿತ, ಒಟ್ಟಿನಲ್ಲಿ ಮಕ್ಕಳ ಜಾತ್ರೆ. ತಂಡಗಳ ಹೆಸರುಗಳಲ್ಲಿಯೇ ಜಾತ್ರೆಯ ಗಂಧವಿತ್ತು: ಕಪ್ಪೆಗಳು, ಘೇಂಡಾಮೃಗಗಳು, ಮಂಡಲದ ಹಾವುಗಳು, ಹೆಗ್ಗಣಗಳು, ಬೆಂಕಿಯಿರುವೆಗಳು!

ಹನ್ನೆರಡು ಇಪ್ಪತ್ತನಾಲ್ಕಾಯಿತು

ಮೊದಲ ವರ್ಷ ಪ್ರತಿ ತಂಡಕ್ಕೂ ಪಂದ್ಯಗಳು ಹದಿನಾಲ್ಕೇ, ಖರ್ಚು ಮಿತಿಯಲ್ಲಿತ್ತು. ಅನಹೈಮಿನ ಜನಸಂದಣಿಯ ಸುದ್ದಿ ಹರಡಿತು. ಐಸ್ ಹಾಕಿ ಮತ್ತು ಬಾಸ್ಕೆಟ್‌ಬಾಲಿನ ಭವನಗಳ ಒಡೆಯರಿಗೆ ಬೇಸಗೆಯೆಂದರೆ ಖಾಲಿ ದಿನಗಳು. ಬಾಗಿಲು ಮುಚ್ಚಿ ಕೂರುವ ಬದಲು ಏನಾದರೊಂದು ನಡೆಯಲೆಂದು ಅವರೂ ಉತ್ಸುಕರಾದರು. ಲಾಸ್ ಏಂಜಲೀಸ್ ತಂಡವನ್ನು ನಡೆಸಿದವರು ಬಾಸ್ಕೆಟ್‌ಬಾಲಿನ ಲೇಕರ್ಸ್ ತಂಡದ ಒಡೆಯರ ಮಗಳು ಜೀನಿ ಬಸ್. ಮುಂದೆ ಆಕೆಯೇ ಲೇಕರ್ಸ್ ತಂಡದ ಯಜಮಾನಿಕೆಗೆ ಏರಿದರು. ಹೊಸ ಹೊಸ ಊರುಗಳ ಹಣವಂತರು ಶುಲ್ಕ ತೆತ್ತು ತಂಡದ ಹಕ್ಕು ಪಡೆದರು. 1994ರಲ್ಲಿ ಲೀಗಿನ ತಂಡಗಳ ಸಂಖ್ಯೆ ಒಮ್ಮೆಗೇ ಇಪ್ಪತ್ತನಾಲ್ಕಕ್ಕೇರಿತು. ಪಂದ್ಯಗಳು ತಂಡಕ್ಕೆ ಇಪ್ಪತ್ತೆರಡಾದವು. ಇಎಸ್‌ಪಿಎನ್ ಟೆಲಿವಿಷನ್ ಜಾಲದಲ್ಲಿ ಪಂದ್ಯಗಳ ಪ್ರಸಾರವೂ ಆಯಿತು. ಐಸ್ ಹಾಕಿಯ ಹಿರಿಯ ತಾರೆ ಬ್ರಯಾನ್ ಟ್ರಾಟಿಯರ್ ಪಿಟ್ಸ್‌ಬರ್ಗ್ ತಂಡದಲ್ಲಿ ಆಟಗಾರರೂ ತರಬೇತಿದಾರರೂ ಆಗಿ ಕಾಣಿಸಿಕೊಂಡರು. 1992ರಲ್ಲಿ ಟ್ಯಾಂಪಾ ತಂಡದ ಪರವಾಗಿ ಪ್ರದರ್ಶನ ಪಂದ್ಯವೊಂದರಲ್ಲಿ ಗೋಲು ಕಾದು, ಪುರುಷರ ಮಹಾಲೀಗಿನ ತಂಡದಲ್ಲಿ ಆಡಿದ ಮೊದಲ ಮಹಿಳೆ ಎನಿಸಿದ್ದ ಕೆನಡಾದ ಮನೊನ್ ರೇಯೋಮ್ ನ್ಯೂಜೆರ್ಸಿ ತಂಡದ ಗೋಲಿಯಾದರು.

ಹೊರಗಿನಿಂದ ನೋಡುವವರಿಗೆ ಇದು ಉತ್ಕರ್ಷ. ಒಳಗಿನ ಲೆಕ್ಕವೇ ಬೇರೆ. ಹೊಸ ತಂಡಗಳು ಬಂದಾಗ ಶುಲ್ಕದ ಹಣ ಬರುತ್ತದೆ. ಆದರೆ ಅದು ಬರುವುದು ಒಂದೇ ಬಾರಿ. ಪಂದ್ಯ ನಡೆಸುವ ಖರ್ಚು ಮಾತ್ರ ಪ್ರತಿ ವಾರದ್ದು. ಹದಿನೈದು ಸಾವಿರ ಆಸನಗಳ ಭವನವನ್ನು ಬಾಡಿಗೆಗೆ ಹಿಡಿದು, ನೆಲಕ್ಕೆ ಬಿಲ್ಲೆಗಳನ್ನು ಹಾಸಿ, ಆಳುಗಳನ್ನಿಟ್ಟು, ಎದುರು ತಂಡವನ್ನು ಸಾವಿರಾರು ಮೈಲಿ ದೂರದಿಂದ ವಿಮಾನದಲ್ಲಿ ಕರೆಸಿದ ಸಂಜೆ ಮೂರು ಸಾವಿರ ಮಂದಿ ಬಂದರೆ ಭವನವು ಬಣಬಣ ಎನ್ನುತ್ತದೆ. ಅದೇ ಮೂರು ಸಾವಿರ ಮಂದಿಯನ್ನು ಚಿಕ್ಕ ಅಂಗಣದಲ್ಲಿ ಕೂರಿಸಿದರೆ ಹಬ್ಬವಾಗುತ್ತದೆ. ದೊಡ್ಡ ಆಟವೆಂದು ತೋರಿಸಿಕೊಳ್ಳಬೇಕೆಂಬ ಹಂಬಲ ದೊಡ್ಡ ಭವನಕ್ಕೆ ಎಳೆದೊಯ್ಯಿತು. ದೊಡ್ಡ ಭವನದ ಖಾಲಿ ಆಸನಗಳೇ ಇದು ಸಣ್ಣ ಆಟವೆಂದು ಸಾರಿದವು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಮಾತು ಕ್ರೀಡೋದ್ಯಮಕ್ಕೂ ಸಲ್ಲುತ್ತದೆಂದು ತಿಳಿದಿದ್ದರೂ, ಟೆಲಿವಿಷನ್ ಕ್ಯಾಮೆರಾ ಎದುರಿಗಿರುವಾಗ ಕಾಲು ತಾನಾಗಿಯೇ ಚಾಚಿಕೊಳ್ಳುತ್ತದೆ.

ಎರಡು ಕೋಟಿ ಜನರು ಎಲ್ಲಿ ಹೋದರು? ಅವರು ತಮ್ಮ ಪಾಡಿಗೆ ಕಡಲತೀರದ ಹಾದಿಗಳಲ್ಲಿ, ಉದ್ಯಾನಗಳಲ್ಲಿ, ಮನೆಯೆದುರಿನ ಬೀದಿಯಲ್ಲಿ ಜಾರುತ್ತಿದ್ದರು. ಲೆಕ್ಕ ತಪ್ಪಿದ್ದು ಇಲ್ಲಿಯೇ. ಗರಡಿಯ ಮಣ್ಣು ಮುಟ್ಟದವನೂ ಕುಸ್ತಿಯ ಅಖಾಡಕ್ಕೆ ನುಗ್ಗುತ್ತಾನೆ. ದಿನಕ್ಕೆ ಹತ್ತು ಮೈಲಿ ಬೈಸಿಕಲ್ಲು ತುಳಿಯುವವನು ಸೈಕಲ್ ಪಂದ್ಯ ನೋಡಲು ಕಾಸು ಬಿಚ್ಚುವುದಿಲ್ಲ. ಆಡುವ ಸುಖ ಬೇರೆ, ನೋಡುವ ಸುಖ ಬೇರೆ. ಅದೂ ಅಮೆರಿಕದ ಬೇಸಗೆಯೆಂದರೆ ರಾತ್ರಿ ಎಂಟು ಗಂಟೆಗೂ ಹೊರಗೆ ಬೆಳಕಿರುವ ಕಾಲ. ಚಳಿಗಾಲವೆಲ್ಲ ಒಳಗೆ ಕುಳಿತು ಬೇಸತ್ತ ಮಂದಿ ಆಗ ಬಯಲಿಗೆ ಬರುತ್ತಾರೆ. ಹೊಸ ಗಾಲಿ ಕೊಂಡ ಹುಡುಗನನ್ನು ಅಂತಹ ಸಂಜೆ ಕತ್ತಲ ಭವನದೊಳಗೆ ಕೂರಿಸುವುದು ಸಾಮಾನ್ಯ ಸಾಹಸವಲ್ಲ. ಐಸ್ ಹಾಕಿಯ ಅಭಿಮಾನಿಗಾದರೂ ಇದು ಹಿಡಿಸಿತೇ ಎಂದರೆ, ಅವನಿಗೆ ಇದು ಅಸಲಿಯ ನೆರಳು. ಅಲಗು ಮಂಜುಗಡ್ಡೆಯನ್ನು ಕೊರೆದು ತಟ್ಟನೆ ನಿಲ್ಲುವ ಬಿರುಸು, ತಟ್ಟನೆ ಮರಳುವ ಬಿರುಸು ಗಾಲಿಗೆ ಬರುವುದಿಲ್ಲ. ಗಾಲಿಯವನು ಸುತ್ತು ಹಾಕಿಯೇ ತಿರುಗಬೇಕು. ಬಲ್ಲವರ ಕಣ್ಣಿಗೆ ಆ ಒಂದು ಗಳಿಗೆಯ ವಿಳಂಬ ಕಾಣದೆ ಇರದು.

ಇವೆಲ್ಲಕ್ಕಿಂತ ದೊಡ್ಡ ಕೊರತೆ ಇನ್ನೊಂದಿತ್ತು. ಆಟವೊಂದು ಊರಿನ ಆಟವಾಗಬೇಕಾದರೆ ತಂಡ ಊರಿನಲ್ಲಿ ಉಳಿಯಬೇಕು. ಅಪ್ಪ ನೋಡಿದ ತಂಡವನ್ನು ಮಗ ನೋಡಬೇಕು. ಹತ್ತು ವರ್ಷದ ಹಿಂದಿನ ಸೋಲಿನ ಬಗ್ಗೆ ಇಂದಿಗೂ ಕಟ್ಟೆಯ ಮೇಲೆ ಜಗಳವಾಗಬೇಕು. ಇಲ್ಲಿ ಕನೆಕ್ಟಿಕಟ್‌ನ ತಂಡವು ಒಂದು ವರ್ಷ ಆಡಿ ಮೂರು ಸಾವಿರ ಮೈಲಿ ದೂರದ ಸ್ಯಾಕ್ರಮೆಂಟೊಗೆ ಗುಳೆ ಹೊರಟಿತು. ಯೂಟಾದ ತಂಡ ಲಾಸ್ ವೇಗಾಸ್ ಸೇರಿತು. ಕೆನಡಾದ ಹಿಮದೂರಾದ ಎಡ್ಮಂಟನ್ನಿನಲ್ಲಿ ‘ಹಿಮಬಂಡಿಯ ನಾಯಿಗಳು’ ಎಂದು ಕರೆಸಿಕೊಂಡ ತಂಡ ಮರುವರ್ಷ ಫ್ಲಾರಿಡಾದ ಓರ್ಲಾಂಡೊದಲ್ಲಿ ಮೊಸಳೆಯ ಹೆಸರಿನಿಂದ ಅವತರಿಸಿತು. 1994ರಲ್ಲಿ ಪೋರ್ಟ್‌ಲೆಂಡ್ ತಂಡವನ್ನು ಸೋಲಿಸಿ ಚಾಂಪಿಯನ್ ಆದ ಬಫಲೋ ತಂಡ 1995ರ ಋತು ಮುಗಿದ ಮೇಲೆ ಮತ್ತೆ ಕಾಣಲಿಲ್ಲ. ಚಾಂಪಿಯನ್ ತಂಡದ ಗತಿಯೇ ಇದಾದರೆ ಉಳಿದವುಗಳ ಮಾತೇನು! ಬಫಲೋ ನಗರದ ಹುಡುಗನೊಬ್ಬ ಆ ತಂಡದ ಅಂಗಿ ಕೊಂಡಿದ್ದರೆ, ಅಂಗಿ ಸಣ್ಣದಾಗುವ ಮೊದಲೇ ತಂಡ ಮಾಯವಾಗಿತ್ತು.

ಆಟಗಾರರ ಪಾಡನ್ನೂ ನೆನೆಯಬೇಕು. ಅವರಲ್ಲಿ ಹೆಚ್ಚಿನವರು ಐಸ್ ಹಾಕಿಯ ಕೆಳಗಿನ ಲೀಗುಗಳಲ್ಲಿ ಚಳಿಗಾಲವೆಲ್ಲ ಬಸ್ಸಿನಲ್ಲಿ ಊರೂರು ಅಲೆದು ಆಡಿದವರು. ಬೇಸಗೆಯಲ್ಲಿ ಬೇರೆ ದುಡಿಮೆ ಹುಡುಕಬೇಕಾದವರು. ಗಾಲಿಯ ಹಾಕಿ ಅವರಿಗೆ ಆ ನಾಲ್ಕಾರು ತಿಂಗಳ ಅನ್ನಕ್ಕೊಂದು ದಾರಿ ತೋರಿಸಿತು. ಕೊಡುತ್ತಿದ್ದುದು ಅಲ್ಪವೇ ಆದರೂ ತಮಗೆ ತಿಳಿದ ವಿದ್ಯೆಯಿಂದಲೇ ಬರುತ್ತಿದ್ದ ಹಣವದು. ಆದರೆ ಮುಂದಿನ ಬೇಸಗೆಗೆ ತಂಡ ಇರುವುದೋ ಇಲ್ಲವೋ, ಇದ್ದರೆ ಯಾವ ಊರಿನಲ್ಲಿ ಎಂಬುದನ್ನು ಹೇಳಬಲ್ಲವರು ಯಾರೂ ಇರಲಿಲ್ಲ. ಮೈಗೆ ಮೈ ತಾಗಿಸುವ ಆಟವಾದ್ದರಿಂದ ಇಲ್ಲಿ ಆದ ಗಾಯ ಚಳಿಗಾಲದ ಸಂಪಾದನೆಗೂ ಕುತ್ತು ತರಬಹುದಾಗಿತ್ತು.

ಕಡಲಾಚೆಯ ಇನ್ನೊಂದು ಹಾಕಿ

ಹಾಗಾದರೆ ಗಾಲಿಯ ಹಾಕಿ ಎಲ್ಲಿಯೂ ಬೇರು ಬಿಡಲಿಲ್ಲವೇ? ಬಿಟ್ಟಿದೆ, ಆದರೆ ಬೇರೆ ನೆಲದಲ್ಲಿ, ಬೇರೆ ರೂಪದಲ್ಲಿ. ಯೂರೋಪಿನ ರೋಲರ್ ಹಾಕಿ ಪ್ಲಿಂಪ್ಟನ್ನನ ಕಾಲದ ನಾಲ್ಕು ಗಾಲಿಯ ಸ್ಕೇಟನ್ನು ಬಿಟ್ಟಿಲ್ಲ. ಕೋಲು ಬಾಗಿದ್ದು ಗಿಡ್ಡ. ಪಕ್ಕಿನ ಬದಲು ಗಟ್ಟಿಯಾದ ಸಣ್ಣ ಚೆಂಡು. ಆ ಆಟ ಇಂಗ್ಲೆಂಡಿನಲ್ಲಿ ಬೆಳೆಯಿತು. ಸ್ವಿಟ್ಜರ್ಲೆಂಡಿನ ಮಾಂಟ್ರೋ ಪಟ್ಟಣದಲ್ಲಿ 1924ರಲ್ಲಿ ಅಂತರರಾಷ್ಟ್ರೀಯ ಸಂಸ್ಥೆಯಾಯಿತು. 1936ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ನಡೆದ ಮೊದಲ ವಿಶ್ವಚಾಂಪಿಯನ್‌ಷಿಪ್ಪನ್ನು ಇಂಗ್ಲೆಂಡೇ ಗೆದ್ದಿತು. ಯುದ್ಧಾನಂತರ ಆಂಗ್ಲರ ಕೈಯಿಂದ ಜಾರಿ ಪೋರ್ಚುಗಲ್, ಸ್ಪೇನ್, ಇಟಲಿಗಳಿಗೂ, ಅಟ್ಲಾಂಟಿಕ್ ದಾಟಿ ಅರ್ಜೆಂಟೀನಕ್ಕೂ ಅದು ಸೇರಿತು. ಪೋರ್ಚುಗೀಸರ ಜೊತೆಯಲ್ಲಿ ಆಫ್ರಿಕದ ಅಂಗೋಲ, ಮೊಜಾಂಬಿಕ್ ದೇಶಗಳಿಗೂ ಹೋಯಿತು. 2013ರ ವಿಶ್ವಚಾಂಪಿಯನ್‌ಷಿಪ್ ನಡೆದದ್ದು ಅಂಗೋಲದಲ್ಲಿಯೇ.

ಅಲ್ಲಿ ಈ ಆಟವನ್ನು ಹೊತ್ತವರು ಶುಲ್ಕ ತೆತ್ತು ಬಂದ ಹಣವಂತರಲ್ಲ, ಊರಿನ ಕ್ಲಬ್ಬುಗಳು. ಬಾರ್ಸಿಲೋನಾದ ಜಗತ್ಪ್ರಸಿದ್ಧ ಫುಟ್‌ಬಾಲ್ ಕ್ಲಬ್ಬಿಗೆ 1942ರಿಂದ ರೋಲರ್ ಹಾಕಿಯ ತಂಡವುಂಟು. ಪೋರ್ಚುಗಲ್ಲಿನಲ್ಲಿ ಬೆನ್‌ಫಿಕಾ, ಪೋರ್ಟೊ, ಸ್ಪೋರ್ಟಿಂಗ್ ಮೂರೂ ಫುಟ್‌ಬಾಲ್ ಕ್ಲಬ್ಬುಗಳಿಗೆ ಹಾಕಿ ತಂಡಗಳಿವೆ. ಫುಟ್‌ಬಾಲಿನ ಹಗೆತನವೇ ಹಾಕಿಯ ಅಂಕಣಕ್ಕೂ ಇಳಿಯುತ್ತದೆ. ಹಾಕಿಯಿಂದ ನಷ್ಟವಾದರೂ ಕ್ಲಬ್ಬಿನ ದೊಡ್ಡ ಸಂಸಾರ ಅದನ್ನು ನುಂಗಿಕೊಳ್ಳುತ್ತದೆ, ಮನೆಯಲ್ಲಿ ದುಡಿಯದ ತಮ್ಮನೊಬ್ಬನನ್ನು ಅಣ್ಣ ಸಾಕಿದಂತೆ. ಇಟಲಿಯ ನೊವಾರಾ, ಲೋಡಿ, ವಿಯಾರೆಜ್ಜೊಗಳಂತಹ ಮಧ್ಯಮ ಪ್ರಮಾಣದ ಊರುಗಳಿಗೆ, ಅರ್ಜೆಂಟೀನದ ಸ್ಯಾನ್ ಹುವಾನ್ ನಗರಕ್ಕೆ ಈ ಹಾಕಿ ಅಭಿಮಾನದ ವಸ್ತು. 2022ರ ವಿಶ್ವಚಾಂಪಿಯನ್‌ಷಿಪ್ಪನ್ನು ಅರ್ಜೆಂಟೀನ ಗೆದ್ದದ್ದು ಅದೇ ಸ್ಯಾನ್ ಹುವಾನಿನ ಪ್ರೇಕ್ಷಕರೆದುರು.

ಆದರೂ ಆ ಹಾಕಿಗೆ ಜಗತ್ತನ್ನು ಗೆಲ್ಲಲಾಗಲಿಲ್ಲ. ಅದಕ್ಕೆ ಸಿಕ್ಕ ಅವಕಾಶವಾದರೋ ಸಣ್ಣದಲ್ಲ. ಒಲಿಂಪಿಕ್ ಸಮಿತಿಯ ಅಧ್ಯಕ್ಷರಾಗಿದ್ದ ಹುವಾನ್ ಆಂಟೋನಿಯೊ ಸಮರಾಂಚ್ ಬಾರ್ಸಿಲೋನಾದವರು, ಯೌವನದಲ್ಲಿ ರೋಲರ್ ಹಾಕಿಯಲ್ಲಿ ಪಳಗಿದವರು. 1951ರಲ್ಲಿ ಸ್ಪೇನ್ ತನ್ನ ಊರಿನಲ್ಲಿಯೇ ಮೊದಲ ವಿಶ್ವಪ್ರಶಸ್ತಿ ಗೆದ್ದಾಗ ತಂಡದ ಹೊಣೆ ಹೊತ್ತವರು. 1992ರ ಬಾರ್ಸಿಲೋನಾ ಒಲಿಂಪಿಕ್ಸಿನಲ್ಲಿ ರೋಲರ್ ಹಾಕಿ ಪ್ರದರ್ಶನ ಕ್ರೀಡೆಯಾಗಿ ಸೇರಿತು. ಅಂತಿಮ ಪಂದ್ಯದಲ್ಲಿ ಅರ್ಜೆಂಟೀನವು ಆತಿಥೇಯ ಸ್ಪೇನನ್ನು ಸೋಲಿಸಿತು. ಇಟಲಿಗೆ ಮೂರನೆಯ ಸ್ಥಾನ. ಅಧ್ಯಕ್ಷರು ತಮ್ಮವರು, ಊರು ತಮ್ಮದು, ಅಂಗಣ ತುಂಬಿದ ಜನ ತಮ್ಮವರು. ಇದಕ್ಕಿಂತ ಒಳ್ಳೆಯ ಮುಹೂರ್ತ ಕೂಡಿಬರುವುದಿಲ್ಲ. ಆದರೆ ಗೆಲ್ಲುವವರು ಯಾವಾಗಲೂ ಅದೇ ನಾಲ್ಕೈದು ದೇಶದವರು ಎಂಬ ಆಕ್ಷೇಪಕ್ಕೆ ಉತ್ತರವಿರಲಿಲ್ಲ. ಆ ಕೂಟದೊಡನೆ ಪ್ರದರ್ಶನ ಕ್ರೀಡೆಗಳ ಪದ್ಧತಿಯೇ ಕೊನೆಗೊಂಡಿತು. ರೋಲರ್ ಹಾಕಿ ಒಲಿಂಪಿಕ್ಸಿಗೆ ಮರಳಲಿಲ್ಲ. ಟೆಲಿವಿಷನ್ನಿನ ಪರದೆಯ ಮೇಲೆ ಆ ಸಣ್ಣ ಚೆಂಡು ಕಣ್ಣಿಗೆ ಬೀಳದೆಂಬುದು ಇನ್ನೊಂದು ದೂರು. ಅಮೆರಿಕದ ಪಕ್ಕಿನ ಮೇಲಿದ್ದ ದೂರೂ ಅದೇ.

ಸೇರಿಕೊಳ್ಳಲು ಅಣ್ಣನಿಲ್ಲದ ಲೀಗು

ಅಮೆರಿಕದ ಕಥೆಗೆ ಮರಳಬೇಕು. ಮರ್ಫಿಯವರ ಹಿಂದಿನ ಸಾಹಸಗಳಿಗೂ ಇದಕ್ಕೂ ಇದ್ದ ವ್ಯತ್ಯಾಸವನ್ನು ಆಗ ಗಮನಿಸಿದವರು ಎಷ್ಟು ಮಂದಿಯೋ! ಅವರ ಬಾಸ್ಕೆಟ್‌ಬಾಲ್ ಲೀಗೂ ಸಾಲದಲ್ಲಿ ಮುಳುಗಿತ್ತು. ಅವರ ಐಸ್ ಹಾಕಿ ಲೀಗಿನಲ್ಲಿಯೂ ತಂಡಗಳು ಊರಿಂದೂರಿಗೆ ಓಡಿದ್ದವು. ಆದರೆ 1976ರಲ್ಲಿ ಮೊದಲನೆಯದರ ನಾಲ್ಕು ತಂಡಗಳನ್ನೂ 1979ರಲ್ಲಿ ಎರಡನೆಯದರ ನಾಲ್ಕು ತಂಡಗಳನ್ನೂ ಆಯಾ ಆಟದ ಹಿರಿಯ ಲೀಗುಗಳು ತಮ್ಮೊಳಗೆ ಸೇರಿಸಿಕೊಂಡವು. ಹಿರಿಯನನ್ನು ಕಾಡಿ, ಅವನ ಆಟಗಾರರನ್ನು ಸೆಳೆದು, ಖರ್ಚು ಏರಿಸಿ, ಕೊನೆಗೆ ರಾಜಿಗೆ ಎಳೆದು ತರುವುದು. ನಿಜವಾದ ಉಪಾಯ ಇದ್ದುದು ಅಲ್ಲಿ. ರೋಲರ್ ಹಾಕಿಗೆ ಕಾಡಲು ಹಿರಿಯನೇ ಇರಲಿಲ್ಲ. ಸಾಲುಗಾಲಿಯ ಹಾಕಿಯಲ್ಲಿ ಮೊದಲಿನವರೂ ಇವರೇ, ದೊಡ್ಡವರೂ ಇವರೇ. ಮುಳುಗಿದಾಗ ಕೈಹಿಡಿದೆತ್ತುವ ಗರಜು ಯಾರಿಗೂ ಇರಲಿಲ್ಲ.

1995ರಲ್ಲಿ ತಂಡಗಳು ಹತ್ತೊಂಬತ್ತಾದವು, 1996ರಲ್ಲಿ ಹದಿನೆಂಟು, 1997ರಲ್ಲಿ ಹತ್ತು. ಆ ವರ್ಷ ಅನಹೈಮಿನ ಕಪ್ಪೆಗಳು ನ್ಯೂಜೆರ್ಸಿ ತಂಡವನ್ನು ಸೋಲಿಸಿ ಎರಡನೆಯ ಬಾರಿ ಗೆದ್ದವು. 1998ರಲ್ಲಿ ಲೀಗು ನಡೆಯಲೇ ಇಲ್ಲ; ಮೇಜರ್ ಲೀಗ್ ರೋಲರ್ ಹಾಕಿ ಎಂಬ ಇನ್ನೊಂದು ಹೊಸ ಸಂಸ್ಥೆಯಲ್ಲಿ ಕೆಲವು ತಂಡಗಳು ಆಶ್ರಯ ಪಡೆದವು. ಅದೇ ವರ್ಷ ಕ್ಯಾಲಿಫೋರ್ನಿಯಾದ ಹಂಟಿಂಗ್‌ಟನ್ ಕಡಲತೀರದಲ್ಲಿ ಮೂರನೆಯದೊಂದು ಹುಟ್ಟಿತು. ಮಹಿಳೆಯರ ಕುಸ್ತಿಯನ್ನು ಟೆಲಿವಿಷನ್ನಿಗೆ ತಂದಿದ್ದ ಡೇವಿಡ್ ಮೆಕ್‌ಲೇನ್ ಕಟ್ಟಿದ ‘ಪ್ರೊ ಬೀಚ್ ಹಾಕಿ’ ಅದು. ಪ್ರವಾಸದ ಖರ್ಚೇ ಬೇಡವೆಂದು ಆರೂ ತಂಡಗಳನ್ನು ಒಂದೇ ಅಂಗಣದಲ್ಲಿ ಆಡಿಸಿದರು. ಗೋಲಿನ ಹಿಂದೆ ಇಳಿಜಾರು ಕಟ್ಟಿ ಆಟಗಾರರು ಅದನ್ನೇರಿ ಇಳಿಯುವಂತೆ ಮಾಡಿದರು. ಪ್ರೇಕ್ಷಕನ ಬದಲು ಕ್ಯಾಮೆರಾವನ್ನೇ ನಂಬಿದರು. ಅದೂ ಮೂರು ವರ್ಷಕ್ಕೆ ಮುಗಿಯಿತು. ಪ್ರೇಕ್ಷಕನಿಲ್ಲದೆ ಕ್ಯಾಮೆರಾ ಎಷ್ಟು ದಿನ ನಿಂತೀತು?

1999ರಲ್ಲಿ ಎಂಟು ತಂಡಗಳೊಡನೆ ಮರ್ಫಿಯವರ ಲೀಗು ಮತ್ತೊಮ್ಮೆ ಕಣ್ಣು ತೆರೆಯಿತು. ಸೇಂಟ್ ಲೂಯಿಸ್ ತಂಡವು ಅನಹೈಮನ್ನು ಮಣಿಸಿ ಮರ್ಫಿಯವರದೇ ಹೆಸರಿನ ಕಪ್ಪನ್ನು ಎತ್ತಿಕೊಂಡಿತು. ಮೊದಲ ಬೇಸಗೆಯಿಂದ ಅಂದಿಗೆ ಏಳನೆಯ ಬೇಸಗೆ. 2000ದಲ್ಲಿ ನಡೆಯಬೇಕಾಗಿದ್ದ ಪಂದ್ಯಗಳು ರದ್ದಾದವು. 2001ಕ್ಕೆ ಸಂಸ್ಥೆ ಮುಚ್ಚಿತು. ಅಷ್ಟರಲ್ಲಿ ಬೀದಿಯ ಗಾಲಿಯ ಹುಚ್ಚೂ ಇಳಿಮುಖವಾಗಿತ್ತು. ಸಾಲುಗಾಲಿಯ ಹಾಕಿ ಸತ್ತಿಲ್ಲ. ಅದರ ವಿಶ್ವಚಾಂಪಿಯನ್‌ಷಿಪ್ಪುಗಳು ನಡೆಯುತ್ತವೆ, ಚೆಕ್ ದೇಶದವರು ಅದರಲ್ಲಿ ನಿಪುಣರು, ಅಮೆರಿಕದ ಪುಟ್ಟ ಅಂಗಣಗಳಲ್ಲಿ ಇಂದಿಗೂ ಹುಡುಗರೂ ದೊಡ್ಡವರೂ ತಾವೇ ಹಣ ತೆತ್ತು ಆಡುತ್ತಾರೆ. ಅವರಾಡುವುದನ್ನು ಹಣ ತೆತ್ತು ನೋಡುವವರು ಮಾತ್ರ ಮರಳಿ ಕೂಡಿಬರಲಿಲ್ಲ.

ಬ್ಯಾಕ್‌ಸ್ಟ್ರಾಮ್ 2021ರ ಫೆಬ್ರವರಿಯಲ್ಲಿ ತೀರಿಕೊಂಡರು. ಮರ್ಫಿ ಅದೇ ವರ್ಷದ ಜುಲೈ ತಿಂಗಳಿನಲ್ಲಿ. ಅನಹೈಮಿನ ಭವನ ಇಂದು ಬೇರೆ ಹೆಸರಿನಿಂದ ನಿಂತಿದೆ. ಅಲ್ಲಿಯ ಐಸ್ ಹಾಕಿ ತಂಡ 2007ರಲ್ಲಿ ಸ್ಟ್ಯಾನ್ಲಿ ಕಪ್ ಗೆದ್ದಾಗ ಊರೇ ಬೀದಿಗಿಳಿದು ಸಂಭ್ರಮಿಸಿತು. ಆ ಭವನಕ್ಕೆ ಅದಕ್ಕೂ ಹದಿನಾಲ್ಕು ವರ್ಷ ಮೊದಲೇ ಹಾಕಿಯ ಕಿರೀಟವೊಂದು ಬಂದಿತ್ತು, ತಂದವು ದಪ್ಪಕಪ್ಪೆಗಳು.